ಅವ್ವ ಮುಟ್ಟದ ಮೀಸಲು ತುಪ್ಪ

ನಮ್ಮ ಮಠದ ಹಿರಿಯ ಗುರುಗಳೇ,

ಬರುವ ಕಾರ್ತೀಕ ಸೋಮವಾರ ನಿಮ್ಮ ಮಗನಿಗೆ ಪಟ್ಟ ಕಟ್ಟುವುದಾಗಿ ಊರೂರಿಗೆ ಕರೆ ಕಳಿಸಿದ್ದೀರಿ. ದೇವರಿಗೆಂದು ನಾವು ಎತ್ತಿಟ್ಟ ತುಪ್ಪವನ್ನು ಹೋಟೆಲಿಗೆ ಮಾರಿಕೊಳ್ಳುವ ಮನುಷ್ಯನ ಪಾದಕ್ಕೆ ನಾವೆಲ್ಲ ಬೀಳಬೇಕು ಎಂಬುದೇ ಆ ಕರೆಯ ಅರ್ಥ. ನಾನು ಬೀಳುವುದಿಲ್ಲ. ತುಪ್ಪದ ಸಂಗತಿಯನ್ನು ಮಠಕ್ಕೇ ಬಂದು ಹೇಳಿದ್ದಾಯಿತು, ನೀವು ಕೇಳಿದ್ದೂ ಆಯಿತು. ಕಾಗದ ಬರೆದು ಕಳಿಸೋಣವೆಂದರೆ ಮಠದ ಟಪಾಲು ಒಡೆಯುವವರೂ ನಿಮ್ಮ ಚಿರಂಜೀವಿಯವರೇ. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದ ಮೇಲಾದರೂ ನಿಮಗೆ ಓದಬೇಕೆನಿಸೀತು.

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮದು ಸಂಸಾರಿ ಗುರುಗಳ ಮಠ, ತಂದೆಯಿಂದ ಮಗನಿಗೆ ಪಟ್ಟ ಬರುವಂಥದ್ದು. ಈ ಶಿವನಿ ಸೀಮೆಯಲ್ಲಿ ಮಠದ ಒಕ್ಕಲಾದ ಪ್ರತಿ ಮನೆಯಲ್ಲೂ ಸೋಮವಾರದ ಹಾಲು ಮೀಸಲು. ಅದನ್ನು ಬೇರೆ ಗಡಿಗೆಯಲ್ಲಿ ಹೆಪ್ಪು ಹಾಕಿ, ಸ್ನಾನ ಮಾಡಿ ಕಡೆದು, ಬೆಣ್ಣೆ ಕಾಯಿಸಿ, ಗದ್ದುಗೆಯ ನಂದಾದೀಪಕ್ಕೆಂದು ಎತ್ತಿಡುತ್ತೇವೆ. ಬೆರಳಿಗಂಟಿದ್ದನ್ನೂ ನೆಕ್ಕುವಂತಿಲ್ಲ, ಹಸುವಿನ ಕೊಂಬಿಗೆ ಒರೆಸಬೇಕು. ಯಾವ ಕಾನೂನಿನಲ್ಲೂ ಇದಿಲ್ಲ. ದೇವರು ನೋಡುತ್ತಾನೆ ಎಂಬ ಭಯವೊಂದೇ ಇದಕ್ಕೆ ಕಾವಲು.

ನನ್ನ ತಾಯಿ ತೀರ್ಥಮ್ಮ ಈ ಭಯದಲ್ಲೇ ಬದುಕಿದವಳು. ಅಕ್ಷರ ಬಾರದು. ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಬಾಯಿ ರುಚಿ ಪೂರಾ ಸತ್ತುಹೋಗಿತ್ತು. ಒಂದು ಮಧ್ಯಾಹ್ನ ತಾನಾಗಿಯೇ, "ಒಂದೀಟು ತುಪ್ಪದನ್ನ ತಿನ್ನಂಗಾಗೈತೆ ಕಣೇ" ಎಂದಳು. ಎಮ್ಮೆ ಬತ್ತಿತ್ತು, ಮನೆಯ ತುಪ್ಪ ಮುಗಿದಿತ್ತು. ನನ್ನ ಹೆಂಡತಿ ಮೀನಾಕ್ಷಮ್ಮ ಅತ್ತೆಯ ಮುಖ ನೋಡಲಾರದೆ ಮೀಸಲಿನ ಗಡಿಗೆ ಇಳಿಸಿದಳು. ಅವ್ವನ ಕಣ್ಣಿಗೆ ಬಿದ್ದುಬಿಟ್ಟಿತು.

"ಲೇ, ಅದು ಸ್ವಾಮಿದು ಕಣೇ, ಮೇಲಿಕ್ಕು. ನಾನು ಇವತ್ತೋ ನಾಳೆಯೋ ಹೋಗೋಳು. ಅವನ ದೀಪದ ತುಪ್ಪ ತಿಂದ್ಕಂಡೋಗಿ ಅವನ ಮುಂದೆ ಹೆಂಗ್ ನಿಂತ್ಕಳ್ಲಿ?"

ಮಜ್ಜಿಗೆಯಲ್ಲಿ ಕಲಸಿದ ಅನ್ನವನ್ನು ಎರಡು ತುತ್ತು ತಿಂದಳು. ಆ ವಾರವೇ ಹೋದಳು. ಕರ್ಮಗಳೆಲ್ಲ ಮುಗಿದ ಮೇಲೆ ಆ ಗಡಿಗೆಯನ್ನು ನಾನೇ ಹೊತ್ತು ತಂದು ನಿಮ್ಮ ಕೈಗೆ ಕೊಟ್ಟೆ. ಗಡಿಗೆಯ ಬಾಯಿಗೆ ಅವ್ವ ತನ್ನ ಹಳೇ ಸೀರೆಯ ಹಸಿರು ಸೆರಗು ಹರಿದು ಕಟ್ಟಿದ್ದಳು. ನಡೆದದ್ದನ್ನು ಹೇಳಿದಾಗ ನಿಮ್ಮ ಕಣ್ಣಲ್ಲಿ ನೀರು ಬಂತು. ಗಡಿಗೆಯನ್ನು ಕಣ್ಣಿಗೊತ್ತಿಕೊಂಡು, "ನಿನ್ ತಾಯಿ ಶರಣೆ ಕಣಯ್ಯ" ಎಂದಿರಿ. ಆ ಕಣ್ಣೀರು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ. ನನ್ನ ಸಂಕಟವೇ ಅದು.

ಮುಂದಿನ ತಿಂಗಳು ಅವ್ವನ ಹೆಸರಿನ ಜಮೀನಿನ ಪೌತಿ ಖಾತೆಗೆಂದು ತರೀಕೆರೆ ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ಊಟಕ್ಕೆ ಹೋಗಿದ್ದರು. ನಾನೂ ಪಕ್ಕದ ಹೋಟೆಲಿಗೆ ಹೋಗಿ ತುಪ್ಪದ ದೋಸೆ ಹೇಳಿದೆ. ಘಮಘಮ ಎನ್ನುತ್ತಿತ್ತು. ಅರ್ಧ ತಿಂದು ತಲೆಯೆತ್ತಿದರೆ ಗಲ್ಲಾದ ಹಿಂದಿನ ಹಲಗೆಯ ಮೇಲೆ ಅದೇ ಗಡಿಗೆ, ಕೊರಳಲ್ಲಿ ಅದೇ ಹಸಿರು ಸೆರಗು.

"ಊರ ತುಪ್ಪ ಕಣ್ರೀ, ಕಲಬೆರಕೆ ಇಲ್ಲ," ಎಂದರು ನನ್ನ ಊರು ಬಲ್ಲ ಮಾಲೀಕ ಚಂದ್ರಶೇಖರ. "ನಿಮ್ ಮಠದ ಚಿಕ್ಕಯ್ನೋರು ಮೋಟಾರ್ ಸೈಕಲ್‌ನಾಗೆ ತಂದ್ಕೊಡ್ತಾರೆ. ದೀಪಕ್ಕೆ ಹಾಕಿ ಮಿಕ್ಕಿದ್ದು ಅಂದ್ರಪ್ಪ."

ಸಾಯುವ ಹೊತ್ತಿನಲ್ಲಿ ಹೆತ್ತ ತಾಯಿ ಬೇಡವೆಂದು ತಳ್ಳಿದ್ದನ್ನು ಮಗ ಬೆರಳು ನೆಕ್ಕಿಕೊಂಡು ತಿಂದಿದ್ದೆ, ಗುರುಗಳೇ. ಹೊರಗೆ ಬಂದು ಚರಂಡಿಯ ಪಕ್ಕ ಕೂತು ಎಲ್ಲವನ್ನೂ ಕಾರಿಕೊಂಡೆ. ಸಂಜೆಯ ಬಸ್ಸಿಗೆ ನೇರ ಮಠಕ್ಕೇ ಬಂದೆ. ಗದ್ದುಗೆಯ ಮುಂದೆ ದೀಪ ಉರಿಯುತ್ತಿತ್ತು. ಬಗ್ಗಿ ಮೂಸಿದೆ. ಡಾಲ್ಡಾ.

ನಿಮಗೆ ಗೊತ್ತಿರಲಾರದು ಎಂದುಕೊಂಡೇ ಹೇಳಿದೆ. ನೀವು ತಲೆ ಎತ್ತಲಿಲ್ಲ. "ಗೊತ್ತು ಕಣಯ್ಯ," ಎಂದಿರಿ. "ತಾಯಿಲ್ದೆ ಬೆಳೆದೋನು. ಒಂದ್ಮಾತು ಗಟ್ಟಿಯಾಗಂದ್ರೆ ಮಠ ಬಿಟ್ಟೋಯ್ತೀನಿ ಅಂತಾನೆ. ಹುಡುಗುಬುದ್ಧಿ, ಪಟ್ಟ ಆದ್ರೆ ಸರಿಹೋಗ್ತಾನೆ. ನೀನು ಹೊರಗೆಲ್ಲೂ ಆಡ್ಬೇಡ, ಜನರ ಭಕ್ತಿ ಕೆಡ್ತದೆ." ಮಗ ಕದ್ದದ್ದಕ್ಕಿಂತ ಆ 'ಗೊತ್ತು' ಎಂಬ ಮಾತು ನನ್ನನ್ನು ಮುರಿಯಿತು.

ಹುಡುಗುಬುದ್ಧಿಯೇ? ನಿಮ್ಮ ಹುಡುಗನ ಮೀಸೆಯಲ್ಲಿ ಬಿಳಿ ಕೂದಲು ಇಣುಕುತ್ತಿವೆ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ಮುದ್ದಿನ ಹೆಗ್ಗಣವನ್ನು ಕಣಜದ ಕಾವಲಿಗೆ ಕೂರಿಸುತ್ತಾರೆಯೇ? ನಮ್ಮೂರ ಈರಣ್ಣನ ಮಗ ಮಠದ ತೋಟದಲ್ಲಿ ಎಳನೀರು ಕೆಡವಿದಾಗ ನೀವು ಏನು ಮಾಡಿದಿರಿ, ನೆನಪಿದೆಯೇ? ಅಪ್ಪ ಮಗ ಇಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಗದ್ದುಗೆಯ ಮುಂದೆ ನಿಲ್ಲಿಸಿದಿರಿ. "ಮಗ ಕೆಟ್ರೆ ಶಿವ ಮೊದ್ಲು ಅಪ್ಪನ್ನ ಕೇಳ್ತಾನೆ" ಎಂದಿರಿ. ನಾವೆಲ್ಲ ತಲೆದೂಗಿ ಮನೆಗೆ ಬಂದು ನಮ್ಮ ಮಕ್ಕಳನ್ನು ಬಗ್ಗಿಸಿದೆವು. ನಿಮ್ಮ ವಿಷಯದಲ್ಲಿ ಶಿವನೇನು ರಜೆ ಹಾಕಿದ್ದಾನೆಯೇ? ಮಗ ಮನೆ ಬಿಡುತ್ತಾನೆಂಬ ಭಯ ನಿಮಗೆ ಅಷ್ಟಿದೆ. ದೇವರು ಮಠ ಬಿಟ್ಟಾನೆಂಬ ಭಯ ಎಳ್ಳಷ್ಟಾದರೂ ಇದೆಯೇ? ಜನರ ಭಕ್ತಿ ಕೆಡುತ್ತದೆ ಎನ್ನುತ್ತೀರಿ. ನನ್ನ ಬಾಯಿ ಮುಚ್ಚಿಸಿದರೆ ಉಳಿಯುವುದು ಭಕ್ತಿಯಲ್ಲ, ನಿಮ್ಮ ಮಾನ. ಅದೂ ಬಹಳ ದಿನ ಉಳಿಯದು.

ಈಗ ನಮ್ಮ ಮನೆಯಲ್ಲಿ ಸೊಸೆ ಹೆತ್ತಿದ್ದಾಳೆ, ಹೆಣ್ಣು ಮಗು. ನಮ್ಮ ಪದ್ಧತಿಯಂತೆ ಗುರುವಿನ ಕೈಯಿಂದ ಲಿಂಗ ಕಟ್ಟಿಸಬೇಕು. ನಿಮಗೆ ಕಣ್ಣು ಮಂಜಾದ ಮೇಲೆ ಕಟ್ಟುವವನು ನಿಮ್ಮ ಮಗ. ಮಗುವಿನ ಕೊರಳು ಬರಿದಾಗಿದೆ. ಬಂದವರೆಲ್ಲ ಕೇಳುತ್ತಾರೆ, ಸೊಸೆ ಅಳುತ್ತಾಳೆ. ಆ ಕೈಗೆ ಮಗುವನ್ನು ಕೊಡಲು ನನಗೆ ಮನಸ್ಸು ಬಾರದು. ನಿಮ್ಮ ಮಠ ಬಿಟ್ಟು ಇನ್ನೊಂದು ಮಠಕ್ಕೆ ಹೋಗಲು ಕಾಲು ಬಾರದು.

ಆದ್ದರಿಂದ ನನ್ನ ಬೇಡಿಕೆ ಇದು. ಕಾರ್ತೀಕ ಸೋಮವಾರ ಜನ ಬರಲಿ, ಪಟ್ಟ ಮಾತ್ರ ಬೇಡ. ಅಂದು ನೀವು ನಿಮ್ಮ ಮಗನ ಕೈ ಹಿಡಿದು ಗದ್ದುಗೆಯ ಮುಂದೆ ನಿಲ್ಲಿ. ಅವನು ಮಾಡಿದ್ದನ್ನು ಅವನು ಹೇಳಲಿ, ಸುಮ್ಮನಿದ್ದದ್ದನ್ನು ನೀವು ಹೇಳಿ. ಹಾಗೆ ನಿಂತರೆ ಮಗುವನ್ನು ಅಲ್ಲೇ ನಿಮ್ಮ ತೊಡೆಯ ಮೇಲೆ ಮಲಗಿಸುತ್ತೇನೆ. ಕಣ್ಣು ಮಂಜಾಗಿದ್ದರೂ ಚಿಂತೆಯಿಲ್ಲ, ನೀವೇ ಕಟ್ಟಿ. ನಿಲ್ಲಲಾಗದಿದ್ದರೆ ಆ ಸೋಮವಾರವೇ ನಮ್ಮ ಮನೆಯ ಜಗಲಿಯಲ್ಲಿ ಮೀನಾಕ್ಷಮ್ಮ ಮೊಮ್ಮಗಳಿಗೆ ಲಿಂಗ ಕಟ್ಟುತ್ತಾಳೆ. ಹಾಗೆ ಕಟ್ಟಬಹುದೇ ಎಂದು ಕೇಳಲು ನಮಗಿದ್ದ ಗುರು ನೀವೊಬ್ಬರೇ.

ಇಂತಿ,
ನಿಮ್ಮ ಪಾದ ತೊಳೆದ ನೀರು ಕುಡಿದು ಬೆಳೆದವನು,
ಜಯದೇವಪ್ಪ
ಶಿವನಿ ಸೀಮೆ, ತರೀಕೆರೆ ತಾಲ್ಲೂಕು
ಆಶ್ವಯುಜ ಮಾಸ, ೧೯೮೪