ತೊಳೆದಿಟ್ಟ ಪೈಪು

ಸೌತ್ ಸಿ, ನೈರೋಬಿ
ಭಾನುವಾರ, 9 ಮೇ 2004

ಏಳು ಕಡಲಿನಾಚೆ ಕೂತು ಪರರ ಹಲ್ಲು ಕೀಳುವ ನನ್ನ ಮೈಥಿಲೀ,

ನೀನು ಕನ್ನಡ ಓದುವುದು ಎತ್ತಿನಗಾಡಿ ದಿಬ್ಬ ಹತ್ತಿದ ಹಾಗೆ ಎಂದು ಬಲ್ಲೆ. ಅದಕ್ಕೇ ಅಕ್ಷರಗಳನ್ನು ನಾಟಕದ ಹ್ಯಾಂಡ್‌ಬಿಲ್ಲಿನಷ್ಟು ದಪ್ಪಗೆ ಬರೆಯುತ್ತಿದ್ದೇನೆ. ಅವಸರ ಬೇಡ. ಕೂಸು ಅನಂತ ಮಲಗಿದಾಗ ಒಂದು ಪುಟ ಓದು, ಎದ್ದಾಗ ಮಡಚಿಡು. ಆದರೆ ಕೊನೆಯವರೆಗೆ ಓದಲೇಬೇಕು. ಆಟದ ಮಧ್ಯೆ ಎದ್ದು ಹೋಗುವವರನ್ನು ನಮ್ಮಪ್ಪ ರಂಗದ ಮೇಲಿಂದಲೇ ಗದೆ ಎತ್ತಿ ಗದರಿಸುತ್ತಿದ್ದರು. ನನ್ನ ಕೈಯಲ್ಲಿ ಗದೆ ಇಲ್ಲ, ಬಾಲ್ ಪೆನ್ನು ಇದೆ.

ಜನವರಿಯಲ್ಲಿ ನೀನು ಬರೆದ ಕಾಗದ ನನ್ನ ಮುಂದೆ ಬಿಚ್ಚಿಕೊಂಡು ಬಿದ್ದಿದೆ. ಎರಡು ಪುಟ ಇಂಗ್ಲಿಷ್. ಹೆರಿಗೆ ಹತ್ತಿರವಿತ್ತೆಂದು ವಿಮಾನ ಹತ್ತಲು ಬಿಡಲಿಲ್ಲ, ಅಪ್ಪನ ಮುಖವನ್ನು ಕಡೆಯ ಸಲ ನೋಡಲಾಗಲಿಲ್ಲ, ಇನ್ನು ನನಗೆ ಬೇರೇನೂ ಬೇಡ, ಅವರ ಪೈಪು ಕಳಿಸು, ಅದನ್ನು ಮೂಗಿಗೆ ಹಿಡಿದರೆ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಾರೆ ಎಂದು ಬರೆದಿದ್ದೀಯ. ಕಟ್ಟಕಡೆಗೆ ಒಂದೇ ಒಂದು ಸಾಲು ಕನ್ನಡದಲ್ಲಿ, ಮಕ್ಕಳ ಹಾಗೆ ಗುಂಡಗೆ: "ಅಮ್ಮಾ, ತೊಳೀಬೇಡ."

ಆ ಸಾಲು ನೈರೋಬಿಗೆ ಬರುವಷ್ಟರಲ್ಲಿ ನಾನು ತೊಳೆದಾಗಿತ್ತು.

ಇಕೋ, ಹೇಳಿಬಿಟ್ಟೆ! ಮೂರು ಅಂಕ ಎಳೆದು ಕೊನೆಯ ದೃಶ್ಯದಲ್ಲಿ ಹೇಳೋಣ ಎಂದುಕೊಂಡಿದ್ದೆ, ಕೈ ತಡೆಯಲಿಲ್ಲ. ಪಾರ್ಸಲ್ ಅಂಚೆಯವರು ತಂಬಾಕಿನ ಸಾಮಾನು ತೆಗೆದುಕೊಳ್ಳುವುದಿಲ್ಲ ಎಂದು ನಾನು ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಪಾಪ, ಅವರನ್ನು ನಾನು ಕೇಳಲೇ ಇಲ್ಲ. ಮಳೆಗೆ ರಸ್ತೆ ಮುಳುಗಿದೆ ಎಂದದ್ದು ಅರ್ಧ ಸುಳ್ಳು. ಸೊಂಟ ನೋವು ನಿಜ, ಆದರೆ ಸೊಂಟಕ್ಕೂ ಪೈಪಿಗೂ ಸಂಬಂಧವಿರಲಿಲ್ಲ.

ಈಗ ಪರದೆ ಪೂರ್ತಿ ಎತ್ತುತ್ತೇನೆ, ನೋಡು.

ನಾನು ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವಳು. ದಾವಣಗೆರೆ ಕ್ಯಾಂಪಿನಲ್ಲಿ ಹುಟ್ಟಿದೆ, ತುಮಕೂರು ಕ್ಯಾಂಪಿನಲ್ಲಿ ನಡೆಯಲು ಕಲಿತೆ. ಅಪ್ಪ ರಾವಣ, ಕಂಸ, ಕೀಚಕ. ಪುರಾಣದ ಸಮಸ್ತ ದುಷ್ಟರೂ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದರು. ಆಟ ಮುಗಿದ ಮರುದಿನ ಕಿರೀಟ, ಭುಜಕೀರ್ತಿಗಳನ್ನು ಒರೆಸುವುದು, ಕಿತ್ತುಹೋದ ಬೇಗಡೆಯನ್ನು ಮತ್ತೆ ಅಂಟಿಸುವುದು ನನ್ನ ಕೆಲಸ. ಅಪ್ಪನದು ಒಂದೇ ಕಟ್ಟಪ್ಪಣೆ: ವೇಷ ಕಳಚಿದ ಮೇಲೆ ಕಿರೀಟದಲ್ಲಿ ಯಾರ ಬೆವರೂ ಉಳಿಯಬಾರದು. ನಾಳೆ ಅದು ಇನ್ನೊಬ್ಬರ ತಲೆ ಏರಬೇಕು. ಕಂಪನಿಯಲ್ಲಿ ಸತ್ತವರ ಪೋಷಾಕನ್ನೂ ಹಾಗೇ ಒಗೆದು, ಮಡಚಿ, ಪೆಟ್ಟಿಗೆಗೆ ಹಾಕುತ್ತಿದ್ದೆವು. ಅಳುವುದು ಆಮೇಲೆ.

ಎಪ್ಪತ್ತೆರಡರಲ್ಲಿ ಗಣಿತದ ಮೇಷ್ಟ್ರ ಕೈಹಿಡಿದು ಇಲ್ಲಿಗೆ ಬಂದರೆ ಒರೆಸಲು ಒಂದು ಕಿರೀಟವೂ ಇಲ್ಲ! ಕೈ ತುರಿಸುತ್ತಿತ್ತು. ಆಗ ಮುಥೈಗಾದಲ್ಲಿ ಊರು ಬಿಟ್ಟು ಹೊರಟ ಬಿಳಿಯ ಮುದುಕನೊಬ್ಬ ಮನೆಯ ಸಾಮಾನು ಮಾರುತ್ತಿದ್ದ. ನಿನ್ನಪ್ಪ ಅಲ್ಲಿಗೆ ಭೂಪಟ ಕೊಳ್ಳಲು ಹೋದವರು ಶೂ ಡಬ್ಬದ ತುಂಬ ಹಳೇ ಪೈಪುಗಳನ್ನು ಹೊತ್ತು ತಂದರು. ಮುಚ್ಚಳ ತೆಗೆದರೆ ಗೋಣಿಯೊಳಗೆ ಇಲಿ ಸತ್ತ ವಾಸನೆ. ಬೈಯಲೆಂದು ಒಂದನ್ನು ಕೈಗೆ ತೆಗೆದುಕೊಂಡೆ. ಕಪ್ಪು ಮಸಿಯ ಕೆಳಗೆ ಮರದ ಗೆರೆಗಳು, ಮುಂಗುಸಿಯ ಬೆನ್ನಿನ ಹಾಗೆ, ಹೊಳೆದವು. ಮುಗಿಯಿತು ನನ್ನ ಕಥೆ.

ಆಮೇಲಿನದನ್ನು ನೀನೇ ಕಂಡಿದ್ದೀಯ. ಬಟ್ಟಲಿನ ಒಳಗೆ ಗಟ್ಟಿಯಾಗಿ ಕೂತ ಇದ್ದಿಲನ್ನು ಮೊಂಡು ಚಾಕುವಿನಿಂದ ಕೆರೆಯುವುದು. ಉಪ್ಪು ತುಂಬಿ ಸ್ಪಿರಿಟ್ ಹನಿಸಿ ಇಟ್ಟರೆ ಮರುದಿನ ಉಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿ, ಎಷ್ಟೋ ವರ್ಷದ ವಾಸನೆಯನ್ನೆಲ್ಲ ಕುಡಿದು ಕೂತಿರುತ್ತದೆ. ಬಾಯಿಗಿಡುವ ಕಪ್ಪು ರಬ್ಬರಿನ ತುದಿಯಲ್ಲಿ ಹಲ್ಲಿನ ಗುಳಿ ಬಿದ್ದಿದ್ದರೆ ಮೇಣದ ಬತ್ತಿಯ ಮೇಲೆ ತುಸು ಎತ್ತರದಲ್ಲಿ ಹಿಡಿಯಬೇಕು. ಬಿಸಿಗೆ ಗುಳಿ ತಾನಾಗಿ ಉಬ್ಬಿ ಮೇಲೆ ಬರುತ್ತದೆ, ಯಾರೂ ಕಚ್ಚಿರಲೇ ಇಲ್ಲವೇನೋ ಎಂಬಂತೆ! ಅದನ್ನು ಮೊದಲ ಸಲ ಕಂಡ ದಿನ ಒನ್ಸ್ ಮೋರ್ ಎಂದು ಕೂಗಿದ್ದೆ. ಟೋಯ್ ಮಾರುಕಟ್ಟೆಯಲ್ಲಿ ಹಳೇ ಸಾಮಾನಿನವರು ನನ್ನನ್ನು ಇವತ್ತಿಗೂ "ಮಾಮಾ ಕಿಕೋ" ಎಂದೇ ಕರೆಯುವುದು. ಪೈಪಮ್ಮ! ರಾವಣನ ಮಗಳಿಗೆ ಸಿಕ್ಕ ಬಿರುದು ನೋಡು.

ನಾನು ಉಜ್ಜುತ್ತಾ ಮಾತಾಡುತ್ತಿದ್ದೆ. ಅವರು ಸೇದುತ್ತಾ ಕೇಳುತ್ತಿದ್ದರು. ಮೂವತ್ತೊಂದು ವರ್ಷದ ಸಂಸಾರವೆಂದರೆ ಇಷ್ಟೇ. ನಾನು ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವಂತೆ ಮಾತಾಡಲು ಕಲಿತವಳು, ಅವರು ಮೊದಲ ಸಾಲಿನಲ್ಲಿ ಕೂತು ತಡೆದುಕೊಂಡರು. ಎಲ್ಲಾದರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಪೈಪು ಬಾಯಿಂದ ತೆಗೆದು "ಹೂಂ, ಆಮೇಲೆ?" ಎನ್ನುತ್ತಿದ್ದರು. ಮತ್ತೆ ಪೈಪು.

ಅವರು ದಿನಾ ಸೇದುತ್ತಿದ್ದ ಆ ಒಂದು ಪೈಪನ್ನು ಮಾತ್ರ ನನಗೆ ಮುಟ್ಟಲು ಬಿಡಲಿಲ್ಲ. ಕೊಡಿ, ಹೊಸದು ಮಾಡಿಕೊಡುತ್ತೇನೆ ಎಂದು ಎಷ್ಟು ಸಲ ಗೋಗರೆದಿದ್ದೇನೆ! "ಇದೊಂದು ಬಿಡು ಜಯಾ. ನನ್ನ ಬಾಯಿಗೆ ಒಗ್ಗಿದೆ" ಎನ್ನುತ್ತಿದ್ದರು. ಎಡಗಡೆಯ ಕೋರೆಹಲ್ಲಿನಲ್ಲಿ ಕಚ್ಚಿ ಕಚ್ಚಿ ಅದರ ತುದಿಯಲ್ಲಿ ಒಂದು ಗುಳಿ ಬಿದ್ದಿತ್ತು. ಆ ಹಲ್ಲಿಗೆ ನೀನು ಕಾರ್ಡಿಫ್‌ನಲ್ಲಿ ಕ್ಯಾಪ್ ಹಾಕಿ ಕಳಿಸಿದ ಮೇಲೆ ಗುಳಿ ಇನ್ನೂ ಆಳವಾಯಿತು. "ನೋಡು, ಮಗಳ ಕೈಕೆಲಸ ಎಷ್ಟು ಗಟ್ಟಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಹಲ್ಲನ್ನಲ್ಲ, ಪೈಪನ್ನು.

ಡಿಸೆಂಬರಿನಲ್ಲಿ ಹದಿಮೂರನೆಯ ದಿನ ಕಳೆಯಿತು. ಮನೆ ತೊಳೆದೆ, ಪರದೆಗಳನ್ನು ಒಗೆದೆ, ಅವರ ಕಂದು ಸ್ವೆಟರ್ ಒಗೆದೆ. ಆಮೇಲೆ ಮೇಜಿನ ಮೇಲಿದ್ದ ಪೈಪು ತೆಗೆದುಕೊಂಡೆ. ಪಕ್ಕದ ಮನೆಯ ಹೆಲನ್ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳು, ನಿನಗೆ ಗೊತ್ತಲ್ಲ. "ಅದನ್ನು ಹಾಗೇ ಇಡಿ ಜಯಕ್ಕಾ," ಅಂದಳು. "ನಮ್ಮ ಆಲ್ಫ್ರೆಡ್‌ನ ಟೊಪ್ಪಿ ನಾನು ಇನ್ನೂ ಒಗೀಲಿಕ್ಕೆ ಹಾಕಲಿಲ್ಲ ಮಾರಾಯ್ರೆ. ಆರು ವರ್ಷ ಆಯ್ತು." ನಾನು ಏನಂದೆ ಗೊತ್ತೇ? "ಹೆಲನ್, ನನ್ನ ಕೈಗೆ ಬಂದದ್ದು ಕೊಳೆಯಾಗಿ ಉಳಿದದ್ದುಂಟೇ!" ಅಂದೆ. ಎದೆಯುಬ್ಬಿಸಿ ಅಂದೆ.

ಮೂರು ದಿನ ಮಾಡಿದೆ. ಅಂಥ ಕೆಲಸ ನಾನು ಹಿಂದೆ ಮಾಡಿರಲಿಲ್ಲ, ಇನ್ನು ಮಾಡಲಾರೆ. ಬೇಡ ಎನ್ನಲು ಅವರು ಇರಲಿಲ್ಲವಲ್ಲ. ಉಪ್ಪನ್ನು ಎರಡು ಸಲ ಬದಲಿಸಿದೆ. ಗುಳಿ ಮೇಣದ ಬತ್ತಿಯ ಮೇಲೆ ಮೆಲ್ಲಗೆ, ಮೆಲ್ಲಗೆ ಎದ್ದು ಬಂದು ಸಮವಾಯಿತು. ಜೇನುಮೇಣ ಹಾಕಿ ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿದೆ. ಅಂಗಡಿಯಿಂದ ಅದೇ ತಾನೇ ಬಂದ ಹಾಗಿತ್ತು. "ರೀ, ನೋಡ್ರೀ ಇಲ್ಲಿ!" ಎಂದು ಕೂಗಿ, ಅವರ ಕುರ್ಚಿಯ ಕಡೆ ತಿರುಗಿದೆ.

ಆಗ ಅರ್ಥವಾಯಿತು. ಮೂಗಿಗೆ ಹಿಡಿದೆ. ಜೇನುಮೇಣ, ಅಷ್ಟೇ. ಬೆರಳಿನಿಂದ ತುದಿ ಸವರಿದೆ. ನುಣ್ಣಗೆ.

ಉಪ್ಪನ್ನಾದರೂ ಎಸೆಯದೆ ಇಟ್ಟಿದ್ದೆನೇ ಎಂದು ಕೇಳಬೇಡ. ನಲ್ಲಿಯ ಕೆಳಗೆ ಸುರಿದಿದ್ದೆ.

ಅದಾಗಿ ಆರು ವಾರಕ್ಕೆ ನಿನ್ನ ಕಾಗದ ಬಂತು. ಈಗ ಬರುತ್ತದೆ ನೋಡು ಕಪಟನಾಟಕ! ನಾನೂ ನಾಟಕದವಳಲ್ಲವೇ, ಹೋದದ್ದನ್ನು ವೇಷ ಕಟ್ಟಿ ವಾಪಸು ತರುತ್ತೇನೆ ಎಂದುಕೊಂಡೆ. ಅವರ ತಂಬಾಕಿನ ಡಬ್ಬದಲ್ಲಿ ಮೂರು ಬೆರಳಿನಷ್ಟು ಉಳಿದಿತ್ತು. ಮಾರ್ಚಿನಲ್ಲಿ ಒಂದು ಸಂಜೆ ಐದಕ್ಕೆ ಸರಿಯಾಗಿ ಅವರ ಸ್ವೆಟರ್ ತೊಟ್ಟು, ಜಗುಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಪೈಪು ತುಂಬಿ ಹಚ್ಚಿದೆ. ಮಗಳೇ, ಕೀಚಕವಧೆಯಲ್ಲಿ ನಮ್ಮಪ್ಪ ಸತ್ತು ಬೀಳುವಾಗಲೂ ಅಷ್ಟು ಸದ್ದು ಮಾಡಿರಲಿಲ್ಲ, ಹಾಗೆ ಕೆಮ್ಮಿದೆ. ಕಣ್ಣಲ್ಲಿ ಗಂಗೆ, ಮೂಗಲ್ಲಿ ಯಮುನೆ.

ತಟ್ಟೆಯಲ್ಲಿ ಸಣ್ಣಾಸ್ ಇಡ್ಲಿ ಹಿಡಿದು ಬಂದ ಹೆಲನ್ ಗೇಟಿನಲ್ಲೇ ಕಂಬವಾದಳು. "ಅಯ್ಯೋ ದೇವಾ! ಎಂತ ಅವತಾರ ಇದು ಜಯಕ್ಕಾ? ಮಂಡೆ ಸಮ ಉಂಟಾ ನಿಮಗೆ?"

ನಾನು ಹೊಗೆಯ ನಡುವಿನಿಂದ, ಮಗಳಿಗೋಸ್ಕರ ಈ ಪಾತ್ರ ಎಂದೆ. ಅವಳಿಗೆ ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕುಸಿದು ಕೂತಳು. ನಕ್ಕು ನಕ್ಕು, ಆಮೇಲೆ ಸೆರಗಿಲ್ಲದ್ದಕ್ಕೆ ಫ್ರಾಕಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು. "ಸೇದಿ ಸೇದಿ," ಅಂದಳು. "ನಾನು ಯಾರಿಗೂ ಹೇಳುದಿಲ್ಲ."

ಒಂಬತ್ತು ಸಂಜೆಗೆ ಡಬ್ಬ ಬರಿದಾಯಿತು. ಹೆಲನ್‌ಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಪೈಪನ್ನು ಮೂಗಿನ ಬಳಿ ಹಿಡಿದು ತೀರ್ಪು ಕೇಳಿದೆ. ಅವಳು ಬಹಳ ಹೊತ್ತು ಮೂಸಿದಳು. ಸುಳ್ಳು ಹೇಳಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

"ತಂಬಾಕು ಉಂಟು ಜಯಕ್ಕಾ," ಅಂದಳು. "ವಿಶ್ವಣ್ಣ ಇಲ್ಲ."

ಅದೇ ಡಬ್ಬ, ಅದೇ ಪೈಪು, ಅದೇ ಕುರ್ಚಿ. ಆದರೂ ಇಲ್ಲ. ಇನ್ನು ಹಲ್ಲಿನ ಗುರುತು. ಅವರ ಹಾಗೆ ಎಡಕ್ಕೆ ಕಚ್ಚಿದರೆ ಜಾರುತ್ತಿತ್ತು, ಮುಂದಿನ ಹಲ್ಲುಗಳಲ್ಲೇ ಕಚ್ಚಿ ಹಿಡಿದಿದ್ದೆ. ಈಗ ತುದಿಯ ನಟ್ಟನಡುವೆ ಎರಡು ಸಣ್ಣ ಗೀರುಗಳಿವೆ, ನಡುವೆ ಸಂದು. ಆ ಸಂದನ್ನು ನೀನು ಕಾಣೆಯಾ? ಮುಚ್ಚಿಸಿಕೋ ಎಂದು ನೀನೇ ಹತ್ತು ವರ್ಷದಿಂದ ಪೀಡಿಸುತ್ತಿರುವ ಸಂದು. ಬೇರೆ ಯಾರ ಮಗಳನ್ನಾದರೂ ಏಮಾರಿಸಬಹುದಿತ್ತು. ಹಲ್ಲಿನ ಡಾಕ್ಟರನ್ನು ಹೆತ್ತೆ, ಅನುಭವಿಸಬೇಕು.

ಮೇಣದ ಬತ್ತಿಗೆ ಹಿಡಿದರೆ ಎರಡು ನಿಮಿಷದಲ್ಲಿ ನನ್ನ ಗುರುತೂ ಮಾಯ. ಹಿಡಿಯಲಿಲ್ಲ. ಇರುವುದು ಇದ್ದಂತೆಯೇ ಬಿಳಿ ಬಟ್ಟೆಯಲ್ಲಿ ಹೊಲಿದು, ನಿನ್ನ ವಿಳಾಸ ಬರೆದು, ಇದರ ಜೊತೆ ಕಳಿಸುತ್ತಿದ್ದೇನೆ. ನೀನು ಕೇಳಿದ್ದು ಅದರಲ್ಲಿಲ್ಲ ಮೈಥಿಲಿ. ನಾನೇ ಇಲ್ಲದಂತೆ ಮಾಡಿದೆ. ಕ್ಷಮಿಸು ಎಂಬ ಮಾತನ್ನು ರಂಗದ ಮೇಲೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೆಂದರೆ, ಈಗ ಬರೆಯುವಾಗ ಅದು ನನಗೇ ಸುಳ್ಳಿನಂತೆ ಕಾಣುತ್ತದೆ. ಬೈಯಬೇಕೆನಿಸಿದರೆ ಇಂಗ್ಲಿಷಿನಲ್ಲೇ ಬೈದು ಬರೆ, ಚೆನ್ನಾಗಿ ಅರ್ಥವಾಗುತ್ತದೆ. ಬರೆಯದೆ ಮಾತ್ರ ಇರಬೇಡ.

ಇಲ್ಲಿ ಎಲ್ಲ ಸೌಖ್ಯ. ಮಟಾಟು ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿದು, ಸೀಟಿಗೊಂದು ಬೆಲ್ಟ್ ಹಾಕಿಸಿದ್ದಾರೆ. ನನ್ನನ್ನೂ ಕಟ್ಟಿ ಕೂರಿಸುತ್ತಾರೆ, ಸೆರೆ ಸಿಕ್ಕ ರಾಜಕುಮಾರಿಯ ಹಾಗೆ ಹೋಗಿ ಬರುತ್ತೇನೆ. ಭಜನೆ, ಕನ್ನಡದವರ ಕೂಟ, ಹೆಲನ್ ಜೊತೆ ಹರಟೆ ಎಂದು ಹೊತ್ತು ಹೋಗುವುದೇ ತಿಳಿಯದು. ಹೆಲನ್ ನಿನ್ನನ್ನೂ ಮಗುವನ್ನೂ ಕೇಳಿದಳು ಎಂದು ಹೇಳಲು ಹೇಳಿದ್ದಾಳೆ. ನನ್ನ ಚಿಂತೆ ಮಾಡಬೇಡ. ಅನಂತನ ಅಂಗಾಲಿಗೆ ನನ್ನ ಎರಡು ಮುತ್ತು, ಒಂದೊಂದಕ್ಕೆ ಒಂದೊಂದು.

ನಿನ್ನ ಕೈಕೆಲಸವನ್ನೂ ಸೇರಿಸಿ ಅಳಿಸಿಹಾಕಿದ,
ಅಮ್ಮ
ಜಯಲಕ್ಷ್ಮಿ ವಿಶ್ವನಾಥ

ಮರೆತ ಮಾತು, ಮಂಗಳವಾರ: ಮೇಲೆ ಬರೆದದ್ದರಲ್ಲಿ ಇನ್ನೂ ಎರಡು ಸುಳ್ಳಿವೆ. ಹೆಲನ್ ಈಸ್ಟರ್ ಮುಗಿಸಿಕೊಂಡು ಮಂಗಳೂರಿಗೆ ಹೋಗಿಬಿಟ್ಟಳು. ಇನ್ನು ಬರುವುದಿಲ್ಲ, ಆ ಮನೆಗೆ ಬೀಗ ಹಾಕಿದೆ. ಕೂಟಕ್ಕೆ ನಾನು ಡಿಸೆಂಬರಿನಿಂದ ಕಾಲಿಟ್ಟಿಲ್ಲ. ಎರಡು ದಿನದಿಂದ ಗಟ್ಟಿಯಾಗಿ ಒಂದು ಮಾತಾಡಿಲ್ಲ. ಇವತ್ತು ಅಂಚೆ ಕಚೇರಿಯ ಕಿಟಕಿಯಲ್ಲಿ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನನಗೆ! ಪಾರ್ಸಲನ್ನು ಕೌಂಟರಿನ ಮೇಲೆ ಇಟ್ಟೆ, ಆತ ಎಳೆದುಕೊಳ್ಳಲು ಕೈ ಚಾಚಿದ, ನಾನು ಬಿಡಲಿಲ್ಲ. ಮನೆಗೆ ತಂದು ಹೊಲಿಗೆ ಬಿಚ್ಚಿದೆ. ಆದ್ದರಿಂದ ಈ ಲಕೋಟೆಯಲ್ಲಿ ಕಾಗದ ಮಾತ್ರ ಇದೆ. ಪೈಪು ಕೊಡುವುದಿಲ್ಲ ಎಂದಲ್ಲ, ಅಂಚೆಯಲ್ಲಿ ಕೊಡುವುದಿಲ್ಲ. ನೀನೇ ಮಗುವನ್ನು ಎತ್ತಿಕೊಂಡು ಬಂದು ತೆಗೆದುಕೊಂಡು ಹೋಗು. ಬಂದು ಒಂದು ತಿಂಗಳು ಇದ್ದರೆ ಕೊಡುತ್ತೇನೆ. ರಜೆ ಸಿಗದಿದ್ದರೆ ಹದಿನೈದು ದಿನ. ಹತ್ತು ದಿನಕ್ಕಿಂತ ಕಡಿಮೆಗೆ ಸುತರಾಂ ಒಪ್ಪುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಆಗಲಿಲ್ಲ. ಒಂದು ದಿನಕ್ಕೆ ಬಂದರೂ ಕೊಡುತ್ತೇನೆ.