ಹಳೆ ಟೇಪಿನ ಕ್ಯಾಪ್ಟನ್

ಜನವರಿ 12, ಭಾನುವಾರ, ಬೆಳಿಗ್ಗೆ

ನಮ್ಮ ಅಭಿಮಾನಿಗಳ ಫೋರಮ್ಮಿನಲ್ಲಿ ಮತ್ತೆ ಮೂರು ಜನ ನಿಯಮ ನಾಲ್ಕು ಮುರಿದಿದ್ದಾರೆ. ಪಶ್ಚಿಮ ತೀರದ ವ್ಯಾಂಕೂವರಿನವರು ನೋಡಿ ಮುಗಿಸುವ ತನಕ ಹೊಸ ಎಪಿಸೋಡಿನ ಬಗ್ಗೆ ಯಾರೂ ಬಾಯಿ ಬಿಡಬಾರದು. ಇಷ್ಟೇ. ಪೂರ್ವ ತೀರದ ಹ್ಯಾಲಿಫ್ಯಾಕ್ಸಿನವರಿಗೆ ಗಂಟೆಗಟ್ಟಲೆ ಮೊದಲು ಬರುತ್ತದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಮೂರೂ ಪೋಸ್ಟ್ ಅಳಿಸಿದೆ. ಮೂವರಿಗೂ ಬೈದೆ. ಫೋರಮ್ಮಿನಲ್ಲಿ ನನ್ನ ಹೆಸರು 'ಮೂರನೇ ದೀಪ', ಆದರೆ ಬೆನ್ನ ಹಿಂದೆ 'ಹೆಡ್ ಮೇಡಂ' ಅನ್ನುತ್ತಾರಂತೆ. ಅನ್ನಲಿ.

'ಫಾರ್ ಲ್ಯಾಂಟರ್ನ್' ಸೀರಿಯಲ್ ನಿಂತು ಇಪ್ಪತ್ತೇಳು ವರ್ಷ. ಮತ್ತೆ ಶುರುವಾಗಿ ಎರಡು ಶನಿವಾರ. ಅದೇ ಬಾಹ್ಯಾಕಾಶ ನೌಕೆ, ಅದೇ ಕ್ಯಾಪ್ಟನ್, ಅದೇ ಪೈಲಟ್ ವೇರಾ. ಕ್ಯಾಪ್ಟನ್ ಪಾತ್ರದ ಲಯಲ್ ಪೆನ್ವಿಕ್‌ಗೂ ವೇರಾ ಪಾತ್ರದ ಇಮೋಜೆನ್ ರೇಸ್‌ಗೂ ಅರವತ್ತು ದಾಟಿದೆ. ನಿನ್ನೆ ಕೊರೀನ್ ಮನೆಯಲ್ಲಿ ನಮ್ಮ ಬ್ರ್ಯಾಂಡನ್ ಊರಿನ ಕ್ಲಬ್ಬಿನವರು ಹನ್ನೊಂದು ಜನ ಸೇರಿದ್ದೆವು. ನೌಕೆ ಕಂಡ ಕೂಡಲೇ ಕೊರೀನ್ ಅತ್ತಳು. ಪೆನ್ವಿಕ್ ಕಂಡ ಕೂಡಲೇ ನಾನು ನಕ್ಕೆ. ಆ ವಿಗ್!

"ನಗಬೇಡ ಕಣೇ, ಪಾಪ, ವಯಸ್ಸಾಗಿದೆ" ಅಂದಳು ಕೊರೀನ್.

"ವಯಸ್ಸು ಇಬ್ಬರಿಗೂ ಆಗಿದೆ. ಇಮೋಜೆನ್ ನೋಡು, ನರೆತ ತಲೆಯಲ್ಲೇ ರಾಣಿ ಹಾಗೆ ಬಂದಳು."

"ಅವಳು ಮಂಡಿ ಹಿಡ್ಕೊಂಡು ಏಣಿ ಹತ್ತಿದ್ದು ನೋಡಲಿಲ್ವಾ?"

ಲೋವೆನ್ ಮೇಷ್ಟ್ರು ಮಧ್ಯೆ ಬಾಯಿ ಹಾಕಿದರು, "ಇಬ್ಬರೂ ಸುಮ್ಮನಿರ್ತೀರಾ? ನನಗೆ ಡೈಲಾಗು ಕೇಳಿಸ್ತಿಲ್ಲ." ನಿವೃತ್ತ ಮೇಷ್ಟ್ರು. ಅರ್ಧ ಕ್ಲಬ್ಬಿಗೆ ಲೆಕ್ಕ ಕಲಿಸಿದವರು.

ಜನವರಿ 20, ಸೋಮವಾರ, ಕ್ಲಿನಿಕ್ ಊಟದ ಬಿಡುವು

ಹೊರಗೆ ಮೈನಸ್ ಮೂವತ್ತೊಂದು. ಹಲ್ಲು ನೋವಿನವರೂ ಬರುತ್ತಿಲ್ಲ. ಕೌಂಟರಿನಲ್ಲಿ ಕೂತು ಫೋರಂ ನೋಡುವುದೇ ಕೆಲಸ.

ಹೊಸಬನೊಬ್ಬ ಸೇರಿದ್ದಾನೆ — 'ಹಳೆ ಟೇಪ್'. ಬಂದವನೇ ಗುದ್ದಾಟಕ್ಕೆ ನಿಂತ. ಅವನ ವಾದ: ಹಳೆಯ ಕೊನೆಯ ಎಪಿಸೋಡಿನಲ್ಲಿ ಕ್ಯಾಪ್ಟನ್ ವೇರಾಳನ್ನು ಕರೆಯುವುದೇ ಇಲ್ಲ.

ಏನು ಹೇಳುವುದು ಇಂಥವನಿಗೆ! ಜಗಳವಾಡಿ ಅವಳು ಸಣ್ಣ ನೌಕೆ ಹತ್ತಿ ಹೋಗುತ್ತಾಳೆ. ಇವನು ರೇಡಿಯೋ ಗುಂಡಿಯ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ತುಂಬಾ ಹೊತ್ತು. ಆಮೇಲೆ ಒತ್ತಿ, "ವೇರಾ, ನನ್ನ ತಪ್ಪು, ವಾಪಸ್ ಬಾ" ಅನ್ನುತ್ತಾನೆ. ಅವಳಿಗೆ ಕೇಳಿಸಿತೋ ಇಲ್ಲವೋ ತೋರಿಸದೆ ಸೀರಿಯಲ್ ನಿಂತುಹೋಯಿತು. ಕೇಳಿಸಿತ್ತು, ಅದಕ್ಕೇ ಹೊರಟು ಬಂದಳು ಎನ್ನುವುದೇ ಹೊಸ ಸೀರಿಯಲ್ಲಿನ ಕಥೆ.

ಹಳೆ ಟೇಪ್ ಬರೆಯುತ್ತಾನೆ: "ಆ ಮಾತು ಈಗ ಸೇರಿಸಿದ್ದು. ಹಳೇ ಎಪಿಸೋಡುಗಳ ಚಿತ್ರ ಚೊಕ್ಕ ಮಾಡಿ ಮತ್ತೆ ಹಾಕಿದಾರಲ್ಲ, ಆಗ ಪೆನ್ವಿಕ್ ಹತ್ರ ಹೇಳಿಸಿ ಅಂಟಿಸಿದಾರೆ. ನಿಜವಾದ ಕ್ಯಾಪ್ಟನ್ ಕರೆಯಲ್ಲ. ಕರೆಯೋ ಜಾತಿ ಅಲ್ಲ ಅವನು. ಹೋದೋರು ಹೋದ್ರು. ನನ್ನ ಹತ್ರ ಟೇಪ್ ಇದೆ."

ನಾಲ್ಕು ಸಾವಿರ ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಅವನು ಜಗ್ಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಫೆಬ್ರವರಿ 2, ಭಾನುವಾರ

ಹಳೆ ಟೇಪ್ ಇನ್ನೂ ನಿಂತಿಲ್ಲ. ನಿನ್ನೆಯ ಎಪಿಸೋಡಿಗೆ ಬರೆದಿದ್ದು: "ಕರೆಯದೇ ಇದ್ದೋನ ಹತ್ರ ವಾಪಸ್ ಬರೋಕೆ ಅವಳಿಗೇನು ಹುಚ್ಚಾ?" ಥಂಡರ್ ಬೇ ಊರಿನ ಒಬ್ಬಳು ಅವನನ್ನು ಕತ್ತೆ ಅಂದಳು. ಅವನು ವಾಪಸ್ ಇನ್ನೇನೋ ಅಂದ. ಅದನ್ನು ಇಲ್ಲಿ ಬರೆಯುವುದು ಬೇಡ.

ಕೊರೀನ್ ಫೋನ್ ಮಾಡಿದಳು. ಅವಳೂ ನನ್ನ ಹಾಗೆ ಮಾಡರೇಟರ್. "ಇವನನ್ನ ಬ್ಯಾನ್ ಮಾಡೋಣ. ಮಜಾನೇ ಹಾಳು ಮಾಡ್ತಿದಾನೆ."

"ಮೊದಲು ಎಚ್ಚರಿಕೆ. ನಿಯಮ ಒಂಬತ್ತು."

"ನಿನ್ನ ನಿಯಮಕ್ಕಿಷ್ಟು!"

ಖಾಸಗಿಯಾಗಿ ಎಚ್ಚರಿಕೆ ಕಳಿಸಿದೆ.

ಅದೇ ದಿನ, ಸಂಜೆ

ಉತ್ತರ ಬಂತು. ಹಾಗೇ ನಕಲು ಮಾಡುತ್ತೇನೆ.

"ಮೇಡಂ, ನಾನು ಸುಳ್ಳು ಹೇಳೋನಲ್ಲ. ನನ್ನ ಟೇಪಲ್ಲಿ ಕ್ಯಾಪ್ಟನ್ ಗುಂಡಿ ಮೇಲೆ ಕೈ ಇಡ್ತಾನೆ. ಅಷ್ಟೆ. ಆಮೇಲೆ ಚಿತ್ರ ಹಾರಿ, ಹಳೆ ಮದುವೆ ರೆಕಾರ್ಡಿಂಗ್ ಬರುತ್ತೆ. ಒಬ್ಬ ದಪ್ಪ ಮನುಷ್ಯ ಅಕಾರ್ಡಿಯನ್ ಸಮೇತ ಕೇಕ್ ಮೇಲೆ ಬೀಳ್ತಾನೆ. ಬೇಕಾದ್ರೆ ಕಳಿಸ್ತೀನಿ."

ಅದು ಸ್ಟೆಫಾನ್ ಮಾಮ. ಓಲ್ಗಾ ಚಿಕ್ಕಮ್ಮನ ಮದುವೆ, ಡಾಫಿನ್ ಊರಿನ ಚರ್ಚ್ ಹಾಲ್. ಆ ಮದುವೆಯ ಟೇಪಿನ ಮೇಲೇ ಅಪ್ಪ ಕೊನೆಯ ಎಪಿಸೋಡ್ ರೆಕಾರ್ಡ್ ಆಗುವಂತೆ ಟೈಮರ್ ಇಟ್ಟಿದ್ದರು. ಆ ದಿನ ಮಂಜುಗಡ್ಡೆ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಫೈನಲ್ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ, ಎಪಿಸೋಡ್ ತಡವಾಗಿ ಶುರುವಾಯಿತು, ಟೈಮರ್ ತನ್ನ ಹೊತ್ತಿಗೆ ತಾನು ನಿಂತಿತು. ನಮ್ಮ ಮನೆಯ ಕ್ಯಾಪ್ಟನ್ ಮಾತ್ರ ಗುಂಡಿ ಒತ್ತಲೇ ಇಲ್ಲ. ಮರುಪ್ರಸಾರ ಆದಾಗ ನಾನು ನೋಡಿದೆ. ಅಷ್ಟರಲ್ಲಿ ಆ ಟೇಪನ್ನೇ ನಂಬಿದವನು ತೈಲಬಾವಿ ಕೆಲಸಕ್ಕೆ ಉತ್ತರಕ್ಕೆ ಹೋಗಿದ್ದ.

ಮೈರನ್. ನನ್ನ ತಮ್ಮ. ಇಡೀ ದೇಶದಲ್ಲಿ ಈ ತಪ್ಪು ಮಾಡಬಲ್ಲವನು ಅವನೊಬ್ಬನೇ.

ಫೆಬ್ರವರಿ 3, ಸೋಮವಾರ

ಕೆಲಸದಲ್ಲಿ ಮನಸ್ಸಿಲ್ಲ. ಒಬ್ಬರಿಗೆ ಇನ್ನೊಬ್ಬರ ಅಪಾಯಿಂಟ್‌ಮೆಂಟ್ ಕೊಟ್ಟೆ.

ಒಂಬತ್ತು ವರ್ಷವಾಯಿತು ಅವನ ದನಿ ಕೇಳಿ. ಕೊರೀನ್ ಅವನ ಹೆಂಡತಿಯಾಗಿದ್ದಳು. ಬಿಟ್ಟರು. ಏನಾಯಿತೆಂದು ನಾನು ಕೇಳಲಿಲ್ಲ, ಇಬ್ಬರೂ ಹೇಳಲಿಲ್ಲ. ಮನೆ ಅವಳಿಗೆ ಬಿಟ್ಟು ಒಂದು ಡಬ್ಬ ಕ್ಯಾಸೆಟ್ ಹೊತ್ತು ಹೊರಟ. ಹೊರಡುವಾಗ ನನಗೆ ಹೇಳಿದ್ದು — "ಅವಳ ಮನೆ ಕಾಫಿ ಕುಡಿಯೋ ಬಾಯಲ್ಲಿ ನನ್ನ ಹೆಸರು ಎತ್ತಬೇಡ. ಅವಳು ಬೇಕೋ ನಾನು ಬೇಕೋ ನೋಡ್ಕೋ." ನನಗೆ ಇಬ್ಬರೂ ಬೇಕಿತ್ತು. ಹಾಗೆಂದೆ. ಹೋದವನು ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯದ ಲಾಯ್ಡ್‌ಮಿನ್‌ಸ್ಟರ್ ಊರಲ್ಲಿದ್ದಾನೆ ಎಂದು ಯಾರೋ ಹೇಳಿದರು. ನಾನು ಕಳಿಸಿದ ಕ್ರಿಸ್‌ಮಸ್ ಕಾರ್ಡುಗಳೆಲ್ಲ ವಾಪಸ್ ಬಂದವು.

ಈಗ ಫೋರಮ್ಮಿನ ಬಾಗಿಲ ಹತ್ತಿರ ಬಂದು ನಿಂತಿದ್ದಾನೆ. ಹೆಸರು ಹಿಡಿದು ಕರೆದರೆ ಓಡಿಹೋಗುತ್ತಾನೆ. ಕರೆಯದಿದ್ದರೆ ಕೊರೀನ್ ಬ್ಯಾನ್ ಮಾಡುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 16, ಭಾನುವಾರ

ಕೊರೀನ್ ಜೊತೆ ಜಗಳ. ನಿನ್ನೆಯ ಎಪಿಸೋಡಿನಲ್ಲಿ ಕ್ಯಾಪ್ಟನ್, ವೇರಾ ಇಬ್ಬರೂ ಕೊನೆಗೂ ಒಂದೇ ಕೋಣೆಯಲ್ಲಿ ನಿಂತರು. ಐದು ನಿಮಿಷ ಬರೀ ಮುಖ ನೋಡಿಕೊಳ್ಳುವುದು. ಇಮೋಜೆನ್ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಪೆನ್ವಿಕ್ ಮೇಲೆ ನನಗಿದ್ದ ಸಿಟ್ಟೂ ಇಳಿಯಿತು. ವಿಗ್ ಇದ್ದರೂ ಕಣ್ಣು ಅವನದೇ. ಶೂಟಿಂಗಿನ ಹೊರಗೆ ಇಬ್ಬರೂ ಮಾತೇ ಆಡುವುದಿಲ್ಲ ಅನ್ನುತ್ತಾರೆ ಫೋರಮ್ಮಿನವರು, ನಿಜವೋ ಸುಳ್ಳೋ. ಆಡದವರು ಹೀಗೆ ನಿಲ್ಲಲಾರರು ಎಂದು ನನಗೆ ಅನ್ನಿಸಿತು.

ಕಣ್ಣೊರೆಸಿಕೊಂಡು ಕೊರೀನ್ ಫೋರಂ ತೆರೆದಳು. ಮೊದಲ ಪೋಸ್ಟೇ ಹಳೆ ಟೇಪ್: "ಸುಳ್ಳಿನ ಮೇಲೆ ಕಟ್ಟಿದ ಮನೆ."

"ಸಾಕು. ಇವತ್ತೇ ತೆಗೀತೀನಿ ಇವನನ್ನ."

"ಬೇಡ."

"ಯಾಕೆ? ಬೇರೆ ಯಾರೇ ಆಗಿದ್ರೂ ನೀನೇ ಮೊದಲು ಕತ್ತು ಹಿಡಿದು ನೂಕ್ತಿದ್ದೆ. ಇವನ ಮೇಲೆ ಯಾಕಮ್ಮಾ ಇಷ್ಟು ಕರುಣೆ? ಪ್ರೀತಿ ಗೀತಿ ಏನಾದ್ರೂ ಶುರುವಾಗಿದ್ಯಾ?"

ಎಲ್ಲರೂ ನಕ್ಕರು. ನಾನು ಕೋಟು ಹಾಕಿಕೊಂಡು ಎದ್ದುಬಂದೆ. ಅವಳ ಮುಂದೆ ಇಷ್ಟು ವರ್ಷ ಏನನ್ನೂ ಮುಚ್ಚಿಟ್ಟವಳಲ್ಲ ನಾನು.

ಲೋವೆನ್ ಮೇಷ್ಟ್ರು ಮೆಟ್ಟಿಲ ತನಕ ಬಂದರು. "ಓರೀಸ್ಯಾ, ನನ್ನ ಹತ್ರ ಹಳೇ ಕೊನೇ ಎಪಿಸೋಡಿನ ದಿನದ್ದು ಪೂರ್ತಿ ಇದೆ ಕಣಮ್ಮ. ಕರ್ಲಿಂಗ್ ಸಮೇತ. ನಾನು ಉದ್ದದ ಟೇಪ್ ಹಾಕಿದ್ದೆ. ಆ ಮಹಾಶಯನಿಗೆ ತೋರಿಸು, ಬಾಯಿ ಮುಚ್ಕೊಳ್ತಾನೆ." ಬಾಯಿ ಮುಚ್ಚಿಸುವುದಲ್ಲ ನನಗೆ ಬೇಕಾಗಿದ್ದು. ಆದರೂ ಹೂಂ ಅಂದೆ.

ಫೆಬ್ರವರಿ 23, ಭಾನುವಾರ

ಮೇಷ್ಟ್ರ ಮೊಮ್ಮಗಳು ಟೇಪನ್ನು ಕಂಪ್ಯೂಟರಿಗೆ ಹಾಕಿಕೊಟ್ಟಳು. ಕರ್ಲಿಂಗ್ ಮುಗಿಯುತ್ತದೆ, ಎಪಿಸೋಡ್ ಬರುತ್ತದೆ, ಕ್ಯಾಪ್ಟನ್ ಕರೆಯುತ್ತಾನೆ. ಹಿಂದೆಯೇ ಟೆನ್ತ್ ಸ್ಟ್ರೀಟಿನಲ್ಲಿದ್ದ ಸೋಫಾ ಅಂಗಡಿಯ ಜಾಹೀರಾತು. ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಇದನ್ನು ಈಗ ಯಾರೂ ಅಂಟಿಸಲು ಸಾಧ್ಯವಿಲ್ಲ.

ಹಳೆ ಟೇಪ್‌ಗೆ ಖಾಸಗಿಯಾಗಿ ಕಳಿಸಿದೆ. ಕೆಳಗೆ ಬರೆದೆ: "ಆ ದಿನ ಕರ್ಲಿಂಗ್ ತಡವಾಯಿತು. ನಿಮ್ಮ ಟೇಪ್ ಅರ್ಧಕ್ಕೆ ನಿಂತಿದೆ. ಕ್ಯಾಪ್ಟನ್ ಆವಾಗಲೇ ಕರೆದಿದ್ದ." ಹತ್ತು ಸಲ ಓದಿದೆ. ಇನ್ನೂ ಒಂದು ಸಾಲು ಸೇರಿಸಿದೆ. "ಕೇಕ್ ಮೇಲೆ ಬಿದ್ದವನು ಸ್ಟೆಫಾನ್ ಮಾಮ." ನನ್ನ ಫೋನ್ ನಂಬರ್ ಹಾಕಿದೆ. ಕಳಿಸಿಬಿಟ್ಟೆ.

ಫೆಬ್ರವರಿ 25

ಓದಿದ್ದಾನೆ. ಉತ್ತರ ಇಲ್ಲ.

ಮಾರ್ಚ್ 4

ಇಲ್ಲ. ಫೋರಮ್ಮಿನಲ್ಲೂ ಒಂದು ಅಕ್ಷರ ಬರೆದಿಲ್ಲ. "ನೋಡು, ಬಾಲ ಮುದುರಿಕೊಂಡು ಹೋದ" ಎಂದು ಕೊರೀನ್ ಕಳಿಸಿದ್ದಾಳೆ. ಜಗಳ ಮರೆತು ಒಂದು ನಗುವ ಮುಖವೂ. ನನಗೆ ನಗು ಬರಲಿಲ್ಲ.

ಮಾರ್ಚ್ 13, ಗುರುವಾರ, ಸಂಜೆ

ಫೋನ್ ಬಂತು. ಹಲೋ ಅಂದೆ. ಆ ಕಡೆ ಬರೀ ಉಸಿರು. ಗೊತ್ತಾಯಿತು. ಏನು ಕೇಳಬೇಕೋ ತಿಳಿಯದೆ ಕೇಳಿದೆ, "ಪೆನ್ವಿಕ್ ವಿಗ್ ನೋಡಿದ್ಯಾ?"

"ಸತ್ತ ಬೆಕ್ಕು ತಲೆ ಮೇಲೆ ಮಲಗಿಸ್ದಂಗಿದೆ" ಅಂದ.

ಇಬ್ಬರೂ ನಕ್ಕೆವು. ನಾನು ಅಳುತ್ತಲೂ ಇದ್ದೆ.

"ನಾನು ಅಂತ ಯಾವಾಗ ಗೊತ್ತಾಯ್ತೋ ನಿನಗೆ?"

"ಸೇರೋಕೆ ಮೊದಲೇ. ನಿಯಮ ನಾಲ್ಕು ಓದಿ, ನಿಯಮ ಒಂಬತ್ತು ಓದಿ ಅಂತ ಜನರ ಪ್ರಾಣ ತಿನ್ನೋಳು ಲೋಕದಲ್ಲಿ ಒಬ್ಬಳೇ. ಅದಕ್ಕೇ ಅಲ್ವೇನೇ ಅಕ್ಕ ಸೇರಿದ್ದು."

ಅಕ್ಕ ಅಂದ.

ಟೇಪಿನ ಮಾತು ಎತ್ತಿದವನೂ ಅವನೇ. "ಅವನು ಕರೆದಿದ್ದ, ಅಲ್ವಾ? ಆವತ್ತೇ."

"ಆವತ್ತೇ."

"ನಾನು ಇಷ್ಟು ವರ್ಷ..." ಅಂದು ಕೆಮ್ಮಿದ. ಆ ಮಾತು ಮುಗಿಸಲಿಲ್ಲ. ಕೆಲಸ, ಬೆನ್ನು ನೋವು, ಒಂದು ನಾಯಿ ಸಾಕಿದ್ದು, ಎಲ್ಲ ಹೇಳಿದ. ಆಮೇಲೆ, "ಶನಿವಾರ ಕೊನೇ ಎಪಿಸೋಡು. ನಾನು ಬರ್ಲಾ? ಒಟ್ಟಿಗೆ ನೋಡೋಣ. ಎಲ್ಲಿ ನೋಡ್ತೀಯ ನೀನು?"

ಸುಳ್ಳು ಹೇಳಬಹುದಿತ್ತು. "ಕೊರೀನ್ ಮನೇಲಿ" ಅಂದೆ.

"ಇನ್ನೂ?"

"ಇನ್ನೂ."

"ಒಂದೇ ಒಂದು ಶನಿವಾರ ನಿನ್ನ ಮನೇಲಿ ನೋಡೋಕಾಗಲ್ವಾ? ನನಗೋಸ್ಕರ?"

ನಾಲಿಗೆ ತುದಿಯ ತನಕ 'ಆಗಲಿ' ಬಂದಿತ್ತು. ಒಂಬತ್ತು ವರ್ಷ ಕಾದವಳು ನಾನು. ಆದರೆ ಒಂದು ಶನಿವಾರಕ್ಕೆ ಹೂಂ ಅಂದರೆ ಕ್ರಿಸ್‌ಮಸ್ಸಿಗೂ ಅನ್ನಬೇಕು, ಈಸ್ಟರಿಗೂ ಅನ್ನಬೇಕು.

"ನಾಡಿದ್ದು ಬಂದೆ ಅಂದ್ರೆ ಭಾನುವಾರ ಎಲ್ಲ ನಿನ್ನ ಜೊತೆ ಇರ್ತೀನಿ. ವಾರ ಬೇಕಾದ್ರೂ ಇರು, ಪಿರೋಗಿ ಕಡುಬು ಮಾಡಿ ಹಾಕ್ತೀನಿ. ಶನಿವಾರ ಮಾತ್ರ ಅವಳ ಮನೆ. ನೀನು ಇಲ್ಲದಾಗ ನನ್ನ ಜೊತೆ ಇದ್ದೋಳು ಅವಳು. ಅವಳನ್ನ ಕೊಟ್ಟು ನಿನ್ನ ತಗೊಳ್ಳೋಕೆ ನೀವೇನು ಅಂಗಡಿ ಸಾಮಾನೇನೋ?"

ಲೈನ್ ಕಟ್ಟಾಯಿತು. ಅವನೇ ಇಟ್ಟ.

ಸರಿಯಾಗಿಯೇ ಹೇಳಿದೆ. ಆದರೂ ಫೋನ್ ಪಕ್ಕದಿಂದ ಏಳಲಾಗುತ್ತಿಲ್ಲ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಕೊರೀನ್ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ನಾಳೆಗೆಂದು ನಿಂಬೆ ಬಾರ್ ಸಿಹಿತಿಂಡಿ ಕತ್ತರಿಸುತ್ತಿದ್ದಳು. ಚಾಕು ಕೆಳಗಿಟ್ಟಳು.

"ನನಗೇ ಗೊತ್ತಾಗಬೇಕಿತ್ತು. ಇಷ್ಟು ದೊಡ್ಡ ತಪ್ಪನ್ನ ಇಷ್ಟು ಜೋರಾಗಿ ಹೇಳೋನು ಇನ್ಯಾರಿದಾನೆ?"

ಕತ್ತರಿಸಿದ ತುಂಡುಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿದಳು.

"ಫೋನಲ್ಲಿ ಹಾಗಂದ್ಯಾ? ಅಂಗಡಿ ಸಾಮಾನು ಅಂತ?"

"ಅಂದೆ."

"ದಡ್ಡಿ. ಒಂದು ಶನಿವಾರ ನಾನು ಒಬ್ಬಳೇ ನೋಡಿದ್ರೆ ಸತ್ತು ಹೋಗ್ತಿದ್ನಾ?" ಬೈದಳು. ಬೈಯುತ್ತಲೇ ನನ್ನ ಭುಜಕ್ಕೆ ಹಣೆ ಇಟ್ಟು ನಿಂತಳು. ಒಂಬತ್ತು ವರ್ಷದಲ್ಲಿ ಅವಳು ಅವನ ಬಗ್ಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಇವತ್ತೂ ಮುಖ ತೋರಿಸಲಿಲ್ಲ.

ಮಾರ್ಚ್ 15, ಶನಿವಾರ, ಸಂಜೆ 5.40

ಕೊರೀನ್ ಮನೆ. ಇನ್ನು ಇಪ್ಪತ್ತು ನಿಮಿಷಕ್ಕೆ ಕೊನೆಯ ಎಪಿಸೋಡ್. ಎಲ್ಲರೂ ಬಂದಿದ್ದಾರೆ. ಪೆನ್ವಿಕ್ ಸಾಯುತ್ತಾನೆ ಎಂದು ಅರ್ಧ ಜನ, ಇಮೋಜೆನ್ ಸಾಯುತ್ತಾಳೆ ಎಂದು ಅರ್ಧ ಜನ. ಇಬ್ಬರೂ ಬದುಕಲಿ ಅನ್ನುವವರು ಲೋವೆನ್ ಮೇಷ್ಟ್ರು ಒಬ್ಬರೇ.

ಡೈರಿ ಚೀಲದಲ್ಲೇ ಇತ್ತು. ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಎದುರಿಗೆ ರಸ್ತೆಯ ಆಚೆ ಒಂದು ಟ್ರಕ್. ಆಲ್ಬರ್ಟಾ ನಂಬರ್. ನಾವು ಬಂದಾಗಿನಿಂದ ಹಾಗೇ ನಿಂತಿದೆ, ಎಂಜಿನ್ ಆರಿಸಿಲ್ಲ. ಒಳಗೆ ಟೋಪಿ ಹಾಕಿದ ಒಬ್ಬ. ಪಕ್ಕದ ಸೀಟಿನಲ್ಲಿ ನಾಯಿ. ಇದು ಅವನದೇ ಮನೆಯಾಗಿತ್ತು, ಈ ವರಾಂಡ ಅವನೇ ಕಟ್ಟಿದ್ದು. ಇಳಿಯುತ್ತಿಲ್ಲ.

ಎದ್ದೆ. ಕೊರೀನ್ ನನ್ನ ಹಿಂದೆ ಬಂದು ನಿಂತಿದ್ದಳು. ಅವಳೂ ನೋಡಿದಳು.

"ಪೆಟ್ರೋಲ್ ಮುಗಿಯೋ ತನಕ ಹಾಗೇ ಕೂತಿರ್ತಾನೆ. ನನಗೆ ಗೊತ್ತಿಲ್ವಾ?"

"ನಾನು ಹೋಗಿ ಕರೀತೀನಿ."

"ನೀನು ಕೂತ್ಕೋ." ಬೂಟ್ಸ್ ಹಾಕಿಕೊಂಡಳು. ಕೋಟು ಹಾಕಲಿಲ್ಲ. ಮೇಷ್ಟ್ರಿಗೆ ಹೇಳಿದಳು, "ನಾನು ಬರೋ ತನಕ ಟಿ.ವಿ. ಮುಟ್ಟಬೇಡಿ."

ರಸ್ತೆ ದಾಟುತ್ತಿದ್ದಾಳೆ. ಹಿಮದಲ್ಲಿ ಕಾಲು ಜಾರುತ್ತಿದೆ, ಕೈ ಅಗಲಿಸಿಕೊಂಡು ನಡೆಯುತ್ತಿದ್ದಾಳೆ. ಗಾಜು ತಟ್ಟಿದಳು. ಗಾಜು ಇಳಿಯಿತು. ಏನೋ ಹೇಳುತ್ತಿದ್ದಾಳೆ. ಒಂದೇ ಮಾತು ಇರಬೇಕು, ಬೇಗ ಮುಗಿಯಿತು. ಅವನು ಟೋಪಿ ತೆಗೆದ. ತಲೆ ಪೂರ್ತಿ ನರೆತಿದೆ. ಎಂಜಿನ್ ನಿಂತಿತು. ಬಾಗಿಲು ತೆರೆಯುತ್ತಿದೆ.