ಕೀಲಿನ ಮೇಲೆ ಮೂರು ಅಕ್ಷರ

ಮಾರ್ಚ್ 3, ಸೋಮವಾರ

ಮತ್ತೆ ಹಿಮ. ಬಸ್ಸು ತಡ. ವರ್ಕ್‌ಷಾಪ್ ತಲುಪುವಷ್ಟರಲ್ಲಿ ನಮ್ಮ ಫೋರ್‌ಮನ್ ಬಲ್ಬೀರ್ ಭಾಯಿ ಉಕ್ಕಿನ ಪ್ಲೇಟುಗಳನ್ನು ಇಳಿಸಿಯಾಗಿತ್ತು. ಟೀವಿ ಸೀರೀಸ್‌ ಒಂದಕ್ಕೆ ಸೆಟ್ ಹಾಕುತ್ತಿದ್ದೇವೆ. ಮೊಟ್ಟಮೊದಲ ಅಣು ಜಲಾಂತರ್ಗಾಮಿಯ ಕಥೆ. 1952ರ ಅಮೆರಿಕದ ಷಿಪ್‌ಯಾರ್ಡು ಈಗ ಕೆನಡಾದ ಮಿಸಿಸಾಗದ ಗೋದಾಮಿನೊಳಗೆ!

ದೊಡ್ಡ ದೃಶ್ಯ ಕೀಲ್ ಇಡುವ ಸಮಾರಂಭ. ಕೀಲ್ ಎಂದರೆ ಹಡಗಿನ ಬೆನ್ನೆಲುಬು. ನಮ್ಮಲ್ಲಿ ಮನೆಗೆ ಗುದ್ದಲಿ ಪೂಜೆ ಮಾಡುವ ಹಾಗೆ. ಆಗಿನ ಅಮೆರಿಕದ ಅಧ್ಯಕ್ಷರು ಪ್ಲೇಟಿನ ಮೇಲೆ ಸೀಮೆಸುಣ್ಣದಿಂದ ತಮ್ಮ ಹೆಸರಿನ ಮೊದಲಕ್ಷರ ಬರೆದರಂತೆ... ಎಚ್, ಎಸ್, ಟಿ. ಒಬ್ಬ ವೆಲ್ಡರ್ ಆ ಗೆರೆಯ ಮೇಲೇ ವೆಲ್ಡ್ ಮಾಡಿದನಂತೆ. ಸೀಮೆಸುಣ್ಣ ಅಳಿಸಿಹೋಗುತ್ತದೆ, ವೆಲ್ಡು ಹಡಗಿನ ಜೊತೆ ಇರುತ್ತದೆ. ಇಷ್ಟವಾಯಿತು.

ಈ ಸೆಟ್ ಮುಗಿದರೆ ನನ್ನ ಕಾಂಟ್ರ್ಯಾಕ್ಟೂ ಮುಗಿಯಿತು. ಆ ಯೋಚನೆ ಇವತ್ತು ಬೇಡ.

ಮಾರ್ಚ್ 7, ಶುಕ್ರವಾರ

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನಿಜಗುಣ ತನ್ನ ಗೆಳೆಯನ ಮಾತು ತೆಗೆದ. "ವಿಕ್ರಮ್ ಆಫೀಸಲ್ಲಿ ಟೆಸ್ಟಿಂಗ್ ರೋಲ್ ಓಪನ್ ಇದೆಯಂತೆ, ಅರು. ನೀನು ಹೂಂ ಅಂದ್ರೆ ರೆಫರ್ ಮಾಡ್ತಾನೆ."

"ಸಾಫ್ಟ್‌ವೇರ್ ಬಿಟ್ಟೆ ಅಂತ ಹೇಳಿದ್ನಲ್ಲ."

"ಬಿಟ್ಟಿದ್ದಲ್ಲ, ಲೇಆಫ್ ಆಯ್ತು. ಆಮೇಲೆ ಕಾಲೇಜಿಗೆ ಸೇರಿ ವೆಲ್ಡಿಂಗ್ ಕಲಿತೆ, ಸರಿ, ನಾನೇನಾದ್ರೂ ಬೇಡ ಅಂದ್ನಾ? ಆದ್ರೆ ಪರ್ಮನೆಂಟ್ ಕೆಲಸ ಯಾರೂ ಕೊಡ್ತಿಲ್ವಲ್ಲ."

ಕೆಟ್ಟದ್ದೇನೂ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಸಾನ್ವಿ ಇಬ್ಬರ ಮುಖವನ್ನೂ ನೋಡಿದಳು. "ಅಮ್ಮ ಲೈಕ್ಸ್ ಇಟ್, ಅಪ್ಪ." ಹದಿಮೂರು ವರ್ಷಕ್ಕೆ ಎಷ್ಟು ಸಲೀಸಾಗಿ ಹೇಳಿಬಿಟ್ಟಳು.

ಮಾರ್ಚ್ 11, ಮಂಗಳವಾರ

ವೆಲ್ಡರ್ ಪಾತ್ರದ ನಟ ಅಭ್ಯಾಸಕ್ಕೆ ಬಂದಿದ್ದ. ಆರಡಿ ಆಳು. ಮೊದಲ ಕಿಡಿ ಹಾರಿದ್ದೇ ರಾಡು ಬಿಸಾಕಿ ಹಿಂದಕ್ಕೆ ನೆಗೆದ! ಅವನೇ ಮೊದಲು ನಕ್ಕ, ಪಾಪ. ಡೈರೆಕ್ಟರ್ ಹೆಂಗಸು. ನಗಲಿಲ್ಲ. ಕಂಪ್ಯೂಟರ್ ಕಿಡಿ ಅವರಿಗೆ ಬೇಡ, ನಿಜವಾದ ಬೆಂಕಿಯೇ ಆಗಬೇಕು. ಅವನ ಬಟ್ಟೆ ಹಾಕಿ ಯಾರು ಮಾಡುತ್ತೀರಿ ಎಂದು ಕೇಳಿದರು.

ಬಲ್ಬೀರ್ ಭಾಯಿ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. "ಕರ್ ಲೋಗಿ ನಾ, ಬಹನ್‌ಜೀ?"

ಹೂಂ, ಮಾಡ್ತೀನಿ ಅಂದುಬಿಟ್ಟೆ.

ದಪ್ಪ ಪ್ಯಾಡಿಂಗ್ ತುಂಬಿದ ಕೋಟು, ಹಳೇ ಕಾಲದ ಚರ್ಮದ ಗ್ಲೌಸು, ಮುಖ ಮುಚ್ಚುವ ಹೆಲ್ಮೆಟ್ಟು. ಒಳಗೆ ಯಾರಿದ್ದಾರೆಂದು ದೇವರಿಗೂ ಗೊತ್ತಾಗದು. ಟೆಸ್ಟ್ ಪ್ಲೇಟಿನ ಮೇಲೆ ಮೂರು ಅಕ್ಷರ ಮಾಡಿದೆ. ಎಸ್... ಹುಳ ಹರಿದ ಹಾಗಿತ್ತು. ಡೈರೆಕ್ಟರ್ ಸಭ್ಯವಾಗಿ "ಥ್ಯಾಂಕ್ಯೂ" ಎಂದರು. ಹೊರಗಿನಿಂದ ಇನ್ನೊಬ್ಬನನ್ನು ಕರೆಸುತ್ತಾರಂತೆ. ಸೋಮವಾರ ಇಬ್ಬರನ್ನೂ ನೋಡಿ ತೀರ್ಮಾನ.

ಬಸ್ಸಿನಲ್ಲಿ ಅಳು ಬಂತು. ಬರಲಿ ಎಂದು ಬಿಟ್ಟೆ.

ಮಾರ್ಚ್ 12

ತಪ್ಪು ಎಲ್ಲಿ ಎಂದು ಗೊತ್ತಾಯಿತು. ಸೀಮೆಸುಣ್ಣ ನೋಡಿಕೊಂಡು ಹೋಗುತ್ತಿದ್ದೆ. ಹೆಲ್ಮೆಟ್ಟಿನ ಕಪ್ಪು ಗಾಜಿನೊಳಗಿಂದ ಕಾಣುವುದು ಬೆಂಕಿ ಬಿದ್ದಷ್ಟೇ ಜಾಗ. ಮುಂದಿನ ತಿರುವು ಕಾಣುವುದೇ ಇಲ್ಲ. ಅಕ್ಷರ ಕಣ್ಣಲ್ಲಲ್ಲ, ತೋಳಲ್ಲಿರಬೇಕು.

ಬೇಸ್‌ಮೆಂಟಲ್ಲಿ ಹೆಲ್ಮೆಟ್ ಮುಖದ ಮೇಲೆ ಇಳಿಸಿ, ಬರೀ ರಾಡು ಹಿಡಿದು ಗಾಳಿಯಲ್ಲಿ ಬರೆದೆ. ಸಾನ್ವಿ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದಳು — "ಟೂ ಫಾಸ್ಟ್, ಅಮ್ಮ. ಅಗೇನ್."

ಮಾರ್ಚ್ 17, ಸೋಮವಾರ

ನಾನೇ! ಹೊರಗಿನಿಂದ ಬಂದವನದೂ ಚೆನ್ನಾಗಿತ್ತು, ನಿಜ. ನನ್ನದು ಕೈಬರಹದ ಹಾಗಿದೆ ಎಂದರು ಡೈರೆಕ್ಟರ್. ಬಲ್ಬೀರ್ ಭಾಯಿ ಎಲ್ಲರಿಗೂ ಸಮೋಸಾ ತರಿಸಿದರು.

ಮಾರ್ಚ್ 20, ಗುರುವಾರ

ಇದನ್ನು ಇವತ್ತೇ ಬರೆಯಬೇಕು.

ಗೋದಾಮಿನ ತುಂಬ ಹ್ಯಾಟು ಹಾಕಿದ ಜನ. ಬ್ಯಾಂಡು, ಬಾವುಟ, ನೌಕಾಪಡೆಯ ಬಿಳಿ ಟೋಪಿಗಳು. ಡೈರೆಕ್ಟರ್ ಪಕ್ಕದಲ್ಲಿ ನರೆಗೂದಲಿನ ಒಬ್ಬರು, ಹಡಗು ಕಟ್ಟುವುದರ ಬಗ್ಗೆ ಸಲಹೆ ಕೊಡುವವರಂತೆ. ಅಧ್ಯಕ್ಷನ ಪಾತ್ರದ ಮುದುಕ ಭಾಷಣ ಮುಗಿಸಿ, ಸೀಮೆಸುಣ್ಣ ತೆಗೆದುಕೊಂಡು ಬರೆದ. ರಿಹರ್ಸಲ್‌ನಲ್ಲಿ ಬರೆದದ್ದಕ್ಕಿಂತ ಎಷ್ಟೋ ದೊಡ್ಡ ಅಕ್ಷರ! ಎಸ್‌ಗೆ ಬಾಲ ಬೇರೆ. ಕ್ಯಾಮೆರಾ ಓಡುತ್ತಿತ್ತು. ಬಾಯಿ ಬಿಡುವ ಹಾಗಿಲ್ಲ. ರಾಡು ಒಂದೇ, ಅದೂ ಕರಗುತ್ತ ಸವೆಯುವಂಥದ್ದು. ಸಾಲದಿದ್ದರೆ ಟಿ ಅರ್ಧಕ್ಕೇ ನಿಲ್ಲುತ್ತದೆ.

ಹೆಲ್ಮೆಟ್ ಇಳಿಸಿದೆ. ಎಚ್‌ನ ಎರಡು ಕಂಬ, ನಡುವಿನ ಗೆರೆ. ತೆಳ್ಳಗೆ ಎಳೆದೆ, ರಾಡು ಉಳಿಸಲು. ಎಸ್‌ಗೆ ಬಂದಾಗ ಉಸಿರು ಹಿಡಿದೆ. ತೋಳು ತಾನಾಗಿ ತಿರುಗಿತು. ಬಾಲವನ್ನೂ ಬಿಡಲಿಲ್ಲ! ಟಿ ಮುಗಿಯುವಾಗ ರಾಡು ಬೆರಳುದ್ದ ಉಳಿದು ಗ್ಲೌಸಿನೊಳಗೂ ಕಾವು. ಕೆಂಪಗೆ ಹೊಳೆಯುತ್ತಿದ್ದ ಮೂರು ಅಕ್ಷರ.

ಬ್ಯಾಂಡು ಬಾರಿಸಿತು. ಜನ ಹ್ಯಾಟು ಎಸೆದರು. ಕಟ್ ಎಂದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಡೈರೆಕ್ಟರ್ ಓಡಿ ಬಂದು, "ಟೇಕ್ ದಟ್ ಥಿಂಗ್ ಆಫ್. ಲೆಟ್ ದೆಮ್ ಸೀ ಯೂ" ಎಂದರು. ತೆಗೆದೆ. ಬೆವರಿಗೆ ಅಂಟಿಕೊಂಡ ಜಡೆ, ಅಳಿಸಿಹೋದ ಕುಂಕುಮ. ಆಮೇಲೆ ಎದ್ದ ಕೂಗು... ತಗಡಿನ ಚಾವಣಿ ಗುಂಯ್‌ಗುಟ್ಟಿತು. ಅಧ್ಯಕ್ಷ ಮುದುಕ ತನ್ನ ಹ್ಯಾಟು ತೆಗೆದು ನನಗೆ ತಲೆಬಾಗಿದ.

ನಿಜಗುಣ ಕರೆದುಕೊಂಡು ಹೋಗಲು ಬಂದಿದ್ದ. ಬಲ್ಬೀರ್ ಭಾಯಿ ಅವನನ್ನು ಪ್ಲೇಟಿನ ಹತ್ತಿರ ಕರೆದೊಯ್ದರು. ಬಗ್ಗಿ ನೋಡಿದ. ಆರಿದ ಎಸ್ ಮೇಲೆ ಬೆರಳಾಡಿಸಿದ.

"ಇದು ನೀನು ಮಾಡಿದ್ದಾ, ಅರು?"

"ಮತ್ತೆ?"

"ವಿಕ್ರಮ್‌ಗೆ ಬೇಡ ಅಂತ ಹೇಳ್ಬಿಡ್ತೀನಿ."

ಮಾರ್ಚ್ 31

ಲೇಕಿನ ದಂಡೆಯ ಷಿಪ್‌ಯಾರ್ಡಿನಿಂದ ಫೋನು. ಆ ದಿನ ಡೈರೆಕ್ಟರ್ ಜೊತೆ ನಿಂತಿದ್ದ ನರೆಗೂದಲಿನ ಸಲಹೆಗಾರರು ನನ್ನ ಹೆಸರು ಕೊಟ್ಟಿದ್ದರಂತೆ. ಹೊಸ ಫೆರಿ ಕಟ್ಟುತ್ತಿದ್ದಾರೆ. ಈ ಸಲ ಸೆಟ್ ಅಲ್ಲ, ನೀರಿಗಿಳಿಯುವ ಹಡಗು. ಕೆಲಸ ಪರ್ಮನೆಂಟು. ಮೇ ತಿಂಗಳಲ್ಲಿ ಕೀಲ್ ಇಡುತ್ತಾರೆ. ಯಾವಾಗ ಬರಬಲ್ಲೆ ಎಂದು ಕೇಳಿದರು. ಸ್ಪೀಕರಿನಲ್ಲಿತ್ತು. ಸಾನ್ವಿ ಸೋಫಾ ಮೇಲೆ ಹತ್ತಿ ಕುಣಿಯತೊಡಗಿದಳು, ನಿಜಗುಣ ಅವಳನ್ನು ಇಳಿಸಲು ಹೋಗಿ ತಾನೂ ಹತ್ತಿಬಿಟ್ಟ, ನಾನು ನಗು ತಡೆದುಕೊಂಡು ಆ ಮನುಷ್ಯನಿಗೆ ಹೇಳಿದೆ — ನಾಳೆಯೇ.